ಚಿತ್ರ ತೆಗೆಯುವ ಮುನ್ನ

ಗದಗ ಸಮೀಪದ ಬಿಂಕದಕಟ್ಟಿ ಕಿರು ಮೃಗಾಲಯಕ್ಕೆ ಮಕ್ಕಳೊಡನೆ ಹೋಗುವ ತಾಯಿತಂದೆಗಳು ಒಂದು ಮಾತನ್ನು ಗಮನಿಸಬೇಕು. ಮಲಗಿದ ಚಿರತೆ ಕ್ಯಾಮೆರಾದತ್ತ ಮುಖವೆತ್ತಲೆಂದು ಕೂಗುವುದು, ಜಾಲರಿ ಬಡಿಯುವುದು, ತಿಂಡಿ ಎಸೆಯುವುದು ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ಸೇರಿದ 38ಜೆ ಕಲಮು ಇವನ್ನೆಲ್ಲ ನಿಷೇಧಿಸಿದೆ. ಕಾಡಿನ ಪ್ರಾಣಿ ಬೇಸತ್ತರೆ ಪೊದೆಯಲ್ಲಿ ಮರೆಯಾದೀತು. ಆವರಣದೊಳಗಿನದಕ್ಕೆ ಆ ಸ್ವಾತಂತ್ರ್ಯವಿಲ್ಲ. ಆದಕಾರಣ ಸಂಯಮವು ನಮ್ಮದಾಗಬೇಕು.

ಫ್ಲ್ಯಾಶ್ ಬೇಡ. ಚಿರತೆಯ ಕಣ್ಣಿನ ಹಿಂಭಾಗದ ಪದರವು ಬೆಳಕನ್ನು ಪ್ರತಿಫಲಿಸುವುದರಿಂದ ಚಿತ್ರದಲ್ಲಿ ಕಣ್ಣು ಬರಿಯ ಹೊಳೆವ ಚುಕ್ಕೆಯಾಗುತ್ತದೆ. ತಡೆಬೇಲಿಯ ಹೊರಗೇ ನಿಂತು ಕಾಯಿರಿ. ಪ್ರಾಣಿಯು ಜಾಲರಿಯಿಂದ ಹಿಂದೆ ಸರಿದಷ್ಟೂ ಚಿತ್ರದಲ್ಲಿ ಜಾಲರಿ ಮಸುಕಾಗುತ್ತದೆ. ಹಾಗೆ ಕಾಯುವಾಗಲೇ ಮಕ್ಕಳು ಅದರ ಉಸಿರಾಟವನ್ನೂ ಕಿವಿಯ ಚಲನೆಯನ್ನೂ ಕಾಣುತ್ತಾರೆ. ಚಿತ್ರ ದೊರೆಯದಿದ್ದರೂ ನೋಡುವ ಅಭ್ಯಾಸವು ಅವರೊಡನೆ ಮನೆಗೆ ಬರುತ್ತದೆ.