ಮುದಿ ಕಣಗಿಲೆಗೆ ಗುದ್ದಲಿ ಬೇಡ, ಗರಗಸ ಸಾಕು

ನಮ್ಮ ಕಡೆ ಯಾರಾದ್ರೂ ಮನೆ ರಿಪೇರಿಗೆ ಕೈ ಹಾಕಿದ್ರೆ ಮೊದಲು ಪ್ರಾಣ ಬಿಡೋದು ಅಂಗಳದ ಹಳೇ ಹೂಗಿಡ. "ಮುದಿಯಾಗಿದೆ, ಹೂವೇ ಬಿಡಲ್ಲ, ಬರೀ ಕಸ" ಅಂತ ಬೇರುಸಮೇತ ಕಿತ್ತು, ಆ ಜಾಗಕ್ಕೆ ಸಿಮೆಂಟು ಬಳಿದು, ಮೇಲೊಂದು ಪ್ಲಾಸ್ಟಿಕ್ ಕುಂಡದಲ್ಲಿ ನರ್ಸರಿಯಿಂದ ತಂದ ಕ್ರೋಟನ್ ಇಡೋದು. ಗೌರಸಮುದ್ರದಂಥ ಊರಲ್ಲಿ ಇದು ಶುದ್ಧ ದಂಡ ಅನ್ನೋದು ನನ್ನ ವಾದ. ಅಂದಚೆಂದದ ಮಾತು ಆಮೇಲೆ, ಮೊದಲು ನೀರಿನ ಲೆಕ್ಕ ನೋಡಿ.

ಚಳ್ಳಕೆರೆ ತಾಲ್ಲೂಕು ಅಂದ್ರೆ ರಾಜ್ಯದಲ್ಲೇ ತೀರಾ ಕಮ್ಮಿ ಮಳೆ ಬೀಳೋ ಸೀಮೆ. ವರ್ಷಕ್ಕೆ ಸರಾಸರಿ 500 ಮಿಲಿಮೀಟರ್ ಕೂಡ ಇಲ್ಲ. ಅದರಲ್ಲೂ ಮುಂಗಾರು ಹೆಸರಿಗೆ ಮಾತ್ರ, ನಂಬಬಹುದಾದ ಮಳೆ ಸೆಪ್ಟೆಂಬರ್ ಆಸುಪಾಸಿನದು. ಇಂಥ ಕಡೆ ಹೊಸ ಸಸಿ ನೆಟ್ಟರೆ ಬೇಸಿಗೆಯಲ್ಲಿ ಎರಡು ದಿನಕ್ಕೊಂದು ಕೊಡ ಅಂತ ಹಿಡಿದರೂ ಫೆಬ್ರವರಿಯಿಂದ ಮೇ ತನಕ 60 ಕೊಡ ಬೇಕು. ಕೊಡಕ್ಕೆ 15 ಲೀಟರ್ ಅಂದ್ರೆ 900 ಲೀಟರ್, ಅದೂ ಒಂದೇ ಗಿಡಕ್ಕೆ! ಇಪ್ಪತ್ತು ವರ್ಷದ ಕಣಗಿಲೆಗೆ ಈ ಉಪಚಾರ ಯಾವುದೂ ಬೇಡ. ಅದರ ಬೇರು ಆಗಲೇ ಕೆಳಗಿಳಿದು ತನ್ನ ಪಾಡು ತಾನು ನೋಡಿಕೊಂಡಿದೆ. ಮುದಿಯಾಗಿರೋದು ಮೇಲಿನ ಕಾಂಡ, ಬೇರಲ್ಲ. ಗಿಡ ಕೀಳೋರು ಆ ಬೇರನ್ನೇ ಎಸೀತಾರೆ.

ಹೂವು ಯಾಕೆ ಕಮ್ಮಿ ಆಗತ್ತೆ ಅಂದ್ರೆ, ಕಣಗಿಲೆ, ದಾಸವಾಳ, ನಂದಿಬಟ್ಟಲು ಇವೆಲ್ಲ ಹೂ ಬಿಡೋದು ಹೊಸ ಚಿಗುರಿನ ತುದಿಯಲ್ಲಿ. ಬಿಸಿಲು ಹುಡುಕಿಕೊಂಡು ಚಿಗುರು ವರ್ಷವರ್ಷ ಮೇಲೇರತ್ತೆ, ಒಳಗೆ ನೆರಳು ಕವಿದು ಬುಡ ಬೋಳಾಗತ್ತೆ. ಕೊನೆಗೆ ನಾಲ್ಕು ಹೂವು ಕರೆಂಟಿನ ತಂತಿ ಪಕ್ಕ. ಬೆಳಿಗ್ಗೆ ಪೂಜೆಗೆ ಹೂ ಕೀಳೋ ಅಜ್ಜಿ ಕೊಕ್ಕೆ ಕೋಲು ಹಿಡಿದು ಎಗರಬೇಕು, ಇಲ್ಲಾ ಮೊಮ್ಮಕ್ಕಳನ್ನ ಕಾಂಪೌಂಡ್ ಹತ್ತಿಸಬೇಕು. ಗಿಡ ಸೊಂಟದೆತ್ತರಕ್ಕೆ ಇಳಿದ್ರೆ ಅಜ್ಜಿ ಯಾರನ್ನೂ ಕೇಳಬೇಕಿಲ್ಲ. ನನಗೆ ನೀರಿನಷ್ಟೇ ದೊಡ್ಡ ಕಾರಣ ಇದು.

ಆದರೆ ಬೇಡ ಅನ್ನೋರೂ ಹೆಚ್ಚಾಗಿ ಅಜ್ಜಿಯರೇ! "ಹೂ ಬಿಡೋ ಗಿಡಕ್ಕೆ ಕತ್ತಿ ತಾಗಿಸಬಾರದು" ಅಂತಾರೆ. ಹೂ ತುಂಬಿರೋವಾಗ ಬೇಡ, ಒಪ್ಪಿದೆ. ಆದ್ರೆ ರೇಷ್ಮೆ ಬೆಳೆಗಾರ ಹಿಪ್ಪುನೇರಳೆಯನ್ನ ಬುಡಕ್ಕೇ ಕಡೀತಾನಲ್ಲ? ಚಿಕ್ಕಮಗಳೂರು ಕಡೆ ಮುದಿ ಕಾಫಿ ಗಿಡಾನ ನೆಲದಿಂದ ಒಂದಡಿ ಬಿಟ್ಟು ಕೊಯ್ದು ಹೊಸ ಚಿಗುರು ಬರಿಸ್ತಾರೆ. ದುಂಡು ಮಲ್ಲಿಗೆ ಬೆಳೆಯೋರು ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ ನೀರು ನಿಲ್ಲಿಸಿ, ಒಂದೂವರೆ ಅಡಿ ಬಿಟ್ಟು ಸವರಿಬಿಡ್ತಾರೆ. ಆಮೇಲೆ ಬೇಸಿಗೆಯಲ್ಲಿ ಸಿಗೋ ಮೊಗ್ಗು ಆ ಸವರಿದ ಗಿಡದ್ದೇ. ದುಡ್ಡಿನ ಗಿಡಕ್ಕೆ ಸರಿ, ದೇವರ ಗಿಡಕ್ಕೆ ತಪ್ಪು ಅಂದ್ರೆ ಹೇಗೆ?

ಕಡಿಯೋದು ಅಂದ್ರೆ ಪಾರ್ಕಿನವರ ಹಾಗೆ ನೆತ್ತಿ ಮಾತ್ರ ಮಟ್ಟಸ ಮಾಡೋದಲ್ಲ. ಅದರಿಂದ ಮೇಲೆ ಇನ್ನಷ್ಟು ದಟ್ಟ, ಕೆಳಗೆ ಇನ್ನಷ್ಟು ಬೋಳು. ಮೊದಲು ಒಣಗಿದ್ದು, ಒಂದಕ್ಕೊಂದು ಉಜ್ಜೋದು ತೆಗೀರಿ. ಆಮೇಲೆ ತೀರಾ ಹಳೇ ದಪ್ಪ ಕಾಂಡಗಳಲ್ಲಿ ಮೂರರಲ್ಲಿ ಒಂದು ಪಾಲನ್ನ ನೆಲದ ಹತ್ತಿರಕ್ಕೇ ಕೊಯ್ಯಿರಿ. ಹೀಗೆ ಮೂರು ವರ್ಷ ಮಾಡಿದ್ರೆ ಇಡೀ ಗಿಡ ಹೊಸದು. ಕಣಗಿಲೆ ಗಟ್ಟಿ ಜೀವ, ಒಂದೇ ಸಲ ಮೊಣಕಾಲೆತ್ತರಕ್ಕೆ ಇಳಿಸಿದ್ರೂ ತೊಗಟೆಯೊಳಗೆ ಮಲಗಿರೋ ಕಣ್ಣು ಎದ್ದು ಚಿಗುರತ್ತೆ. ದಾಸವಾಳಕ್ಕೆ ಆ ಆತುರ ಬೇಡ. ಕಸಿ ಗುಲಾಬಿ ಇದ್ರೆ ಕಸಿ ಗಂಟಿನ ಕೆಳಗಂತೂ ಮುಟ್ಟಲೇಬೇಡಿ, ಬರೋದು ಕಾಡು ಗುಲಾಬಿ. ಉಗುರಲ್ಲಿ ಕೆರೆದ್ರೆ ತೊಗಟೆ ಕೆಳಗೆ ಎಲ್ಲೂ ಹಸಿರು ಕಾಣದಿದ್ರೆ, ಬುಡವನ್ನ ಗೆದ್ದಲು ತಿಂದಿದ್ರೆ, ಆಗ ಗುದ್ದಲಿ ತನ್ನಿ, ನಂದೇನೂ ತಕರಾರಿಲ್ಲ.

ಕಾಲ ಮುಖ್ಯ. ಏಪ್ರಿಲ್ ಬಿಸಿಲಲ್ಲಿ ಕಡಿದ್ರೆ ಬತ್ತಲಾದ ಕಾಂಡ ಸುಟ್ಟು ಸೀಳತ್ತೆ. ಮೃಗಶಿರಾ, ಆರಿದ್ರಾ ಮಳೆಗೆ ನೆಲ ನೆಂದ ಮೇಲೆ ಕಡಿಯೋದು ವಾಸಿ, ಉತ್ತರೆ ಮಳೆ ಹೊತ್ತಿಗೆ ಚಿಗುರಿಗೆ ಬಲ ಬಂದಿರತ್ತೆ. ಬುಡಕ್ಕೆ ಚೆನ್ನಾಗಿ ಕಳಿತ ಕುರಿಗೊಬ್ಬರ, ಮೇಲೆ ಶೇಂಗಾ ಸಿಪ್ಪೆ ಹೊದಿಕೆ. ಚಳ್ಳಕೆರೆ ಸೀಮೇಲಿ ಇವೆರಡಕ್ಕೇನು ಬರ? ಸಿಪ್ಪೆ ಕಾಂಡಕ್ಕೆ ತಾಗದಿರಲಿ, ಗೆದ್ದಲು ಕಾಯ್ತಿರತ್ತೆ. ಆಮೇಲೆ ಪೊದೆಯಂತೆ ಏಳೋ ಚಿಗುರಲ್ಲಿ ಗಟ್ಟಿಯಾದ ಐದಾರು ಉಳಿಸಿ ಮಿಕ್ಕಿದ್ದು ಚಿವುಟಿ. ಈ ಕೆಲಸ ಯಾರೂ ಮಾಡಲ್ಲ, ಮತ್ತೆ ಎರಡೇ ವರ್ಷಕ್ಕೆ "ಪೊದೆ ಆಯ್ತು" ಅಂತ ಗೊಣಗ್ತಾರೆ.

ನಷ್ಟ ಇಲ್ಲ ಅಂತಲ್ಲ. ಒಂದೇ ಸಲ ಪೂರ್ತಿ ಕಡಿದ್ರೆ, ಶ್ರಾವಣ ಮುಗಿದು ಮಾರಮ್ಮನ ಜಾತ್ರೆ ಬರೋ ಹೊತ್ತಿಗೆ ಆ ಗಿಡದಲ್ಲಿ ಹೂ ಸಿಗೋದು ಅನುಮಾನ. ನೆಂಟರು ತುಂಬಿರೋ ಮನೇಲಿ ಅಂಗಳ ಬೋಳು ಕಾಣೋದು ಕಷ್ಟವೇ. ಅದಕ್ಕೇ ಎರಡು ಗಿಡ ಇದ್ದೋರು ವರ್ಷಕ್ಕೊಂದು ಕಡೀಲಿ, ಒಂದೇ ಇದ್ದೋರು ಮೂರು ವರ್ಷದ ದಾರಿ ಹಿಡೀಲಿ.

ಕಡಿದ ಕೊಂಬೆ ಬಗ್ಗೆ ಮಾತ್ರ ಎಚ್ಚರ. ಕಣಗಿಲೆ ಎಲೆ, ಕಾಂಡ, ಹಾಲು ಎಲ್ಲಾ ವಿಷ. ಆಡು ಕುರಿ ಬಾಯಿ ಹಾಕದೆ ನಮ್ಮೂರ ಬೀದೀಲಿ ಈ ಗಿಡ ಉಳಿದಿರೋದೇ ಅದರಿಂದ. ಆದ್ರೆ ಕಡಿದು ರಾಶಿ ಹಾಕಿ ಬಾಡಿದ ಸೊಪ್ಪನ್ನ ಹಸಿದ ಕುರಿ ತಿಂದುಬಿಡಬಹುದು, ಸತ್ತೇ ಹೋಗತ್ತೆ. ಒಲೆಗೂ ಹಾಕಬೇಡಿ, ಹೊಗೆಯೂ ಒಳ್ಳೇದಲ್ಲ. ಗುಂಡಿ ತೋಡಿ ಹೂಳಿ, ಕೈ ತೊಳ್ಕೊಳ್ಳಿ. ಹೂಳೋ ಮುಂಚೆ ಪೆನ್ಸಿಲ್ ದಪ್ಪದ ನಾಲ್ಕಾರು ಕಡ್ಡಿ ಎತ್ತಿಟ್ಟು ಒದ್ದೆ ಮಣ್ಣಲ್ಲಿ ಚುಚ್ಚಿ, ಬೇರು ಬಿಡ್ತಾವೆ. ಗಿಡ ಕಿತ್ತು ಸಿಮೆಂಟ್ ಹಾಕಿಸಿದ ಪಕ್ಕದ ಮನೆಯೋರಿಗೆ ಒಂದು ಕೊಡಬಹುದು, ಜಾಗ ಉಳಿಸಿಕೊಂಡಿದ್ರೆ.

ಮಲೆನಾಡು, ಕರಾವಳಿ ಗೆಳೆಯರೇ, ನಿಮ್ಮಲ್ಲಿ ಯಾವ ಮಳೆಗೆ ಸವರ್ತಾರೆ?