ನೀನು ಯಾರ ಕಡೆ?

ಜತ್ತ, ಮಾರ್ಚ್ 13, 2024



ಈ ಅಂಕಣವನ್ನು ಬುಧವಾರ ರಾತ್ರಿ ಬರೆಯುತ್ತಿದ್ದೇನೆ. ಮಹಿಳಾ ಪ್ರೀಮಿಯರ್ ಲೀಗಿನ ಕೊನೆಯ ಲೀಗ್ ಪಂದ್ಯ ಈಗಷ್ಟೇ ಮುಗಿದಿದೆ. ದೆಹಲಿಯ ವನಿತೆಯರು ಗುಜರಾತನ್ನು 7 ವಿಕೆಟ್‌ಗಳಿಂದ ಸೋಲಿಸಿ ನೇರವಾಗಿ ಫೈನಲ್ ತಲುಪಿದ್ದಾರೆ. ಎರಡನೆಯ ಸ್ಥಾನದ ಮುಂಬೈ ಇಂಡಿಯನ್ಸ್ ಮತ್ತು ಮೂರನೆಯ ಸ್ಥಾನದ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡಗಳು 15ರ ಶುಕ್ರವಾರ ದೆಹಲಿಯ ಅರುಣ್ ಜೇಟ್ಲಿ ಕ್ರೀಡಾಂಗಣದಲ್ಲಿ ಎಲಿಮಿನೇಟರ್ ಪಂದ್ಯ ಆಡಲಿವೆ. ಗೆದ್ದವರು ಭಾನುವಾರ ಫೈನಲ್‌ನಲ್ಲಿ ದೆಹಲಿಯನ್ನು ಎದುರಿಸುವರು, ಸೋತವರು ಮನೆಗೆ ಮರಳುವರು.

ಅರುವತ್ತು ದಾಟಿದ ನಿವೃತ್ತ ಶಿಕ್ಷಕನೊಬ್ಬನಿಗೆ ಇಷ್ಟು ಸುದ್ದಿ ನಿದ್ದೆ ಕೆಡಿಸಬೇಕೇ ಎಂದು ತಾವು ಕೇಳಬಹುದು. ಕೆಡಿಸಿದೆ ಎಂದು ಒಪ್ಪಿಕೊಳ್ಳುವುದರಲ್ಲಿ ನನಗೆ ಸಂಕೋಚವಿಲ್ಲ.

ಕಾರಣವಿದೆ. ಕಳೆದ ವರ್ಷ ಈ ಲೀಗ್ ಆರಂಭವಾದಾಗ ಬೆಂಗಳೂರು ತಂಡ ತನ್ನ ಮೊದಲ ಐದು ಪಂದ್ಯಗಳನ್ನೂ ಸೋತಿತು. ಎಂಟರಲ್ಲಿ ಗೆದ್ದದ್ದು ಎರಡು ಮಾತ್ರ. ಮುಂಬೈ ಎರಡು ಸಲ ನಮ್ಮವರನ್ನು ಸೋಲಿಸಿ, ಕೊನೆಗೆ ಕಪ್ಪನ್ನೂ ಎತ್ತಿಕೊಂಡು ಹೋಯಿತು. ಈ ವರ್ಷವೂ ಮಾರ್ಚ್ 2ರಂದು ಬೆಂಗಳೂರಿನಲ್ಲೇ, ನಮ್ಮವರ ಅಂಗಳದಲ್ಲೇ, ಮುಂಬೈ 7 ವಿಕೆಟ್‌ಗಳಿಂದ ಗೆದ್ದಿತು. ಕಳೆದ ಭಾನುವಾರ ದೆಹಲಿಯ ವಿರುದ್ಧ ಕೊನೆಯ ಎಸೆತದಲ್ಲಿ ಎರಡು ರನ್ ಬೇಕಾಗಿದ್ದಾಗ ರಿಚಾ ಘೋಷ್ ರನೌಟ್ ಆದರು. ಸೋಲು ಒಂದೇ ಒಂದು ರನ್ನಿನದು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ.

ಎರಡೇ ದಿನಗಳಲ್ಲಿ ಚಿತ್ರ ಬದಲಾಯಿತು. ಮಂಗಳವಾರ ಮುಂಬೈ ವಿರುದ್ಧ ಎಲಿಸ್ ಪೆರಿ 15 ರನ್ ಕೊಟ್ಟು 6 ವಿಕೆಟ್ ಕಿತ್ತರು. ಮುಂಬೈ 113ಕ್ಕೆ ಆಲೌಟ್ ಆಯಿತು. ಬಳಿಕ ಬ್ಯಾಟ್ ಹಿಡಿದ ಪೆರಿ ಔಟಾಗದೆ 40 ರನ್ ಗಳಿಸಿ, ರಿಚಾ ಜೊತೆಗೂಡಿ 15 ಓವರುಗಳಲ್ಲೇ ಪಂದ್ಯ ಮುಗಿಸಿದರು. ಅದೇ ಎರಡು ತಂಡಗಳು, ಅದೇ ಮೈದಾನ, ಮೂರೇ ದಿನಗಳ ಅಂತರ. ಹೀಗಿರುವಾಗ ಶುಕ್ರವಾರದ ಸಂಜೆಯನ್ನು ಹಂಬಲಿಸದೆ ಇರುವುದಾದರೂ ಹೇಗೆ?

ನಮ್ಮ ಮನೆಯಲ್ಲಿ ಈ ಹಂಬಲದೊಂದಿಗೆ ಒಂದು ಪ್ರಶ್ನೆಯೂ ಬಂದು ಕುಳಿತಿದೆ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ ಓದುವ ಮೊಮ್ಮಗಳು ಮಂಗಳವಾರದ ಗೆಲುವಿನ ಮರುದಿನ ಹಿಗ್ಗುತ್ತ ಬಯಲಿಗೆ ಹೋದವಳು ಬೇಗನೆ ಮರಳಿದಳು. ಮರಾಠಿ ಶಾಲೆಯ ಗೆಳತಿಯೊಬ್ಬಳು, "ತೂ ಕುಣಾಚ್ಯಾ ಬಾಜೂಚೀ?" ಎಂದು ಕೇಳಿದಳಂತೆ. ಬೆಂಗಳೂರಿನ ಕಡೆ ಎಂದು ಇವಳು ಹೇಳಿದ್ದಾಳೆ. ಮಹಾರಾಷ್ಟ್ರದಲ್ಲಿದ್ದು ಬೆಂಗಳೂರು ಎನ್ನುತ್ತೀಯಾ ಎಂದು ಅಲ್ಲಿದ್ದ ಹುಡುಗರು ನಕ್ಕಿದ್ದಾರೆ.

"ಮುತ್ತ್ಯಾ, ನಾವು ಇಲ್ಲೇ ಇದ್ದು ಬೆಂಗಳೂರು ಗೆಲ್ಲಲಿ ಅಂದ್ರ ತಪ್ಪೇನು?" ಎಂದು ಕೇಳಿದಳು.

ತಪ್ಪಿಲ್ಲವೆಂದು ಒಡನೆಯೇ ಹೇಳಿದೆ. ಆದರೆ ಅಷ್ಟರಿಂದ ಅವಳ ಮುಖ ಅರಳಲಿಲ್ಲ. ಇದು ಅವಳೊಬ್ಬಳ ಪ್ರಶ್ನೆಯಲ್ಲ. ಈ ತಾಲೂಕಿನ ಕನ್ನಡ ಶಾಲೆಯ ಪ್ರತಿಯೊಂದು ಮಗುವೂ ಎಂದಾದರೊಂದು ದಿನ ಇದನ್ನು ಎದುರಿಸಿರುತ್ತದೆ. ನಾವು ದೊಡ್ಡವರೂ ಎದುರಿಸಿದ್ದೇವೆ. ಗಡಿಯ ವಿಷಯ ಪತ್ರಿಕೆಗಳ ಮುಖಪುಟಕ್ಕೆ ಬಂದಾಗಲೆಲ್ಲ ಈ ಪ್ರಶ್ನೆ ಸಂತೆಯಲ್ಲಿ, ಬಸ್ಸಿನಲ್ಲಿ, ಕಚೇರಿಯ ಸಾಲಿನಲ್ಲಿ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ಆದ್ದರಿಂದ ಆ ರಾತ್ರಿ ಊಟದ ನಂತರ ಅವಳಿಗೆ ಕ್ರಿಕೆಟ್ಟಿನ ಮೂರು ಸಂಗತಿಗಳನ್ನು ಹೇಳಿದೆ. ತಮ್ಮ ಮನೆಯ ಮಕ್ಕಳಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇನೆ.

ಮೊದಲನೆಯದು 1974ರದು. ಆಗ ಮುಂಬೈ ತಂಡ ರಣಜಿ ಟ್ರೋಫಿಯನ್ನು ಸತತ 15 ವರ್ಷ ಗೆದ್ದಿತ್ತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾಗಿ ಕೆಲವೇ ತಿಂಗಳುಗಳು ಕಳೆದಿದ್ದವು. ಬೆಂಗಳೂರಿನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಗುಂಡಪ್ಪ ವಿಶ್ವನಾಥ್ 162 ರನ್ ಹೊಡೆದರು, ಬ್ರಿಜೇಶ್ ಪಟೇಲ್ ಶತಕ ಗಳಿಸಿದರು, ಪ್ರಸನ್ನ ಅವರು ಸುನೀಲ್ ಗಾವಸ್ಕರರನ್ನು ಬೌಲ್ಡ್ ಮಾಡಿದರು. ಮೊದಲ ಇನಿಂಗ್ಸ್ ಮುನ್ನಡೆಯಿಂದ ಕರ್ನಾಟಕ ಫೈನಲ್ ಸೇರಿ, ಅಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ಟ್ರೋಫಿ ಗೆದ್ದಿತು. ಆಗ ನಾನು ಹತ್ತು ವರ್ಷದ ಹುಡುಗ. ಊರಿನ ಕಿರಾಣಿ ಅಂಗಡಿಯ ರೇಡಿಯೋದಲ್ಲಿ ಆ ಸುದ್ದಿ ಕೇಳಿ ಒಂದು ಗುಂಪು ಕುಣಿಯಿತು, ಇನ್ನೊಂದು ಗುಂಪು ತಲೆ ತಗ್ಗಿಸಿತು. ಮರುದಿನ ಎರಡೂ ಗುಂಪಿನವರು ಒಂದೇ ಬಾವಿಗೆ ನೀರಿಗೆ ಬಂದರು.

ಇನ್ನು ಆ ಎರಡು ತಂಡಗಳ ಇಬ್ಬರು ಮಹಾನ್ ಆಟಗಾರರ ಮಾತು. ಗಾವಸ್ಕರರ ಸೋದರಿಯನ್ನು ಮದುವೆಯಾದವರು ನಮ್ಮ ವಿಶ್ವನಾಥ್. ಗಾವಸ್ಕರರು ತಮ್ಮ ಮಗನಿಗೆ ರೋಹನ್ ಜೈವಿಶ್ವ ಎಂದು ಹೆಸರಿಟ್ಟಾಗ ಅದರಲ್ಲಿನ 'ವಿಶ್ವ' ವಿಶ್ವನಾಥರಿಂದ ಬಂದದ್ದು. ಮೈದಾನದಲ್ಲಿ ಎದುರಾಳಿಗಳು, ಮನೆಯಲ್ಲಿ ಬೀಗರು! ಗಡಿಯ ಈಚೆಯಿಂದ ಆಚೆಗೆ ಹೆಣ್ಣು ಕೊಡುವ, ಆಚೆಯಿಂದ ಈಚೆಗೆ ಹೆಣ್ಣು ತರುವ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಸಂಗತಿ ರಾಹುಲ್ ದ್ರಾವಿಡರದು. ಇಂದೋರಿನಲ್ಲಿ ಹುಟ್ಟಿದ ಅವರದು ಮರಾಠಿ ಮನೆಮಾತಿನ ಕುಟುಂಬ. ಬೆಳೆದದ್ದು, ಓದಿದ್ದು ಬೆಂಗಳೂರಿನಲ್ಲಿ. ರಣಜಿ ಆಡಿದ್ದು ಕರ್ನಾಟಕಕ್ಕೆ. ಮನೆಯಲ್ಲಿ ಮರಾಠಿ ಆಡುವ ಹುಡುಗನಿಗೆ ನೀನು ಯಾರ ಕಡೆ ಎಂದು ಕರ್ನಾಟಕದ ಪ್ರೇಕ್ಷಕರು ಕೇಳಲಿಲ್ಲ. ತಮ್ಮವನೆಂದೇ ಎದೆಗವಚಿಕೊಂಡರು.

ಮೂರನೆಯದು ನಮ್ಮ ಜಿಲ್ಲೆಯದೇ. ಶುಕ್ರವಾರ ಬೆಂಗಳೂರು ತಂಡದ ನಾಯಕಿಯಾಗಿ ಟಾಸಿಗೆ ಬರುವವರು ಸ್ಮೃತಿ ಮಂಧಾನ. ಹುಟ್ಟಿದ್ದು ಮುಂಬೈಯಲ್ಲಿ, ಬೆಳೆದದ್ದು ಸಾಂಗಲಿಯ ಮಾಧವನಗರದಲ್ಲಿ. ಅಣ್ಣ ಆಡುವುದನ್ನು ನೋಡುತ್ತ ಬ್ಯಾಟ್ ಹಿಡಿದವರು. ಒಂಬತ್ತನೆಯ ವಯಸ್ಸಿಗೆ ಮಹಾರಾಷ್ಟ್ರದ 15 ವರ್ಷದೊಳಗಿನವರ ತಂಡಕ್ಕೆ ಆಯ್ಕೆಯಾದರು. ಆ ಅಣ್ಣ ಒಮ್ಮೆ ದ್ರಾವಿಡರನ್ನು ಕಂಡು ಬ್ಯಾಟೊಂದನ್ನು ಕೇಳಿದರು. ದ್ರಾವಿಡರು ಹಸ್ತಾಕ್ಷರ ಹಾಕಿ ಕೊಟ್ಟ ಆ ಬ್ಯಾಟಿನಿಂದಲೇ ಸ್ಮೃತಿ 2013ರಲ್ಲಿ ವಡೋದರಾದಲ್ಲಿ, 19 ವರ್ಷದೊಳಗಿನವರ ಪಂದ್ಯದಲ್ಲಿ, ಮಹಾರಾಷ್ಟ್ರದ ಪರವಾಗಿ ಗುಜರಾತ್ ವಿರುದ್ಧ ಔಟಾಗದೆ 224 ರನ್ ಗಳಿಸಿದರು. ಕರ್ನಾಟಕದ ಆಟಗಾರನ ಬ್ಯಾಟು, ಸಾಂಗಲಿಯ ಹುಡುಗಿಯ ಕೈ, ಮಹಾರಾಷ್ಟ್ರದ ಖಾತೆಗೆ ರನ್ನು. ಹತ್ತು ವರ್ಷಗಳ ನಂತರ ಬೆಂಗಳೂರು ತಂಡ ಅವರನ್ನು 3.40 ಕೋಟಿ ರೂಪಾಯಿಗೆ ಕೊಂಡು ನಾಯಕಿಯಾಗಿಸಿತು. ಆ ಹರಾಜಿನಲ್ಲಿ ಅದಕ್ಕಿಂತ ದೊಡ್ಡ ಮೊತ್ತ ಬೇರೆ ಯಾರಿಗೂ ಸಿಗಲಿಲ್ಲ.

ಇಷ್ಟು ಕೇಳಿದ ಮೇಲೆ ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗಾದ್ರ ನಾಳೆ ಅವರಿಗೇ ಕೇಳ್ತೀನಿ, ನಮ್ಮ ಸಾಂಗಲಿ ಅಕ್ಕನ ವಿರುದ್ಧ ನೀವು ಯಾಕ ನಿಂತೀರಿ ಅಂತ" ಎಂದಳು. ನಾನು ನಕ್ಕೆ. ಆದರೆ ಹಾಗೆ ಕೇಳಬೇಡವೆಂದೂ ತಿಳಿಸಿದೆ. ಮುಂಬೈಯನ್ನು ಮೆಚ್ಚುವುದಕ್ಕೂ ಅವರಿಗೆ ಕಾರಣಗಳಿವೆ. ನಾಯಕಿ ಹರ್ಮನ್‌ಪ್ರೀತ್ ಕೌರ್ ಮೊನ್ನೆ 9ರಂದು ಗುಜರಾತ್ ವಿರುದ್ಧ ಔಟಾಗದೆ 95 ರನ್ ಹೊಡೆದು, ಕೈಬಿಟ್ಟಿದ್ದ ಪಂದ್ಯವನ್ನು ಗೆಲ್ಲಿಸಿಕೊಟ್ಟ ಆಟವನ್ನು ನೋಡಿದವರು ಯಾರೂ ಮುಂಬೈಯನ್ನು ಹಗುರವಾಗಿ ಎಣಿಸಲಾರರು.

ಶುಕ್ರವಾರದ ಬಗ್ಗೆ ನನ್ನ ಭಯವೂ ಅದೇ. ಹರ್ಮನ್‌ಪ್ರೀತ್ ಕೊನೆಯವರೆಗೆ ನಿಂತರೆ ಯಾವ ಮೊತ್ತವೂ ಸಾಲದು. ಹೇಲಿ ಮ್ಯಾಥ್ಯೂಸ್, ನ್ಯಾಟ್ ಸಿವರ್-ಬ್ರಂಟ್, ಅಮೇಲಿಯಾ ಕೆರ್ ಮೂವರೂ ಬ್ಯಾಟಿನಿಂದಲೂ ಚೆಂಡಿನಿಂದಲೂ ಪಂದ್ಯ ತಿರುಗಿಸಬಲ್ಲವರು. ಮಂಗಳವಾರದಂತೆ ಪೆರಿ ಪ್ರತಿದಿನ ಆರು ವಿಕೆಟ್ ಕೀಳಲಾರರು. ಸ್ಮೃತಿ ಬೆಂಗಳೂರಿನಲ್ಲಿ ದೆಹಲಿಯ ವಿರುದ್ಧ 74, ಯು.ಪಿ. ವಿರುದ್ಧ 80 ರನ್ ಹೊಡೆದರೂ ಮುಂಬೈ ಎದುರು ಮಂಗಳವಾರ ಬೇಗನೆ ಔಟಾದರು. ಧೈರ್ಯ ಕೊಡುವ ಸಂಗತಿಗಳೂ ಇವೆ. ಕರ್ನಾಟಕದ ಶ್ರೇಯಾಂಕಾ ಪಾಟೀಲ್ ಮತ್ತು ಕೇರಳದ ಆಶಾ ಶೋಭನಾ, ಈ ಇಬ್ಬರು ಸ್ಪಿನ್ನರುಗಳ ಮೇಲೆ ನನಗೆ ನಂಬಿಕೆ. ಆಶಾ ಈ ಸಲದ ತಮ್ಮ ಮೊದಲ ಪಂದ್ಯದಲ್ಲೇ ಐದು ವಿಕೆಟ್ ಪಡೆದರು. ಕೊನೆಯ ಓವರುಗಳಲ್ಲಿ ಇವರ ಕೈಗೆ ಚೆಂಡು ಬಂದಾಗ ನಮ್ಮ ಮನೆಯಲ್ಲಿ ಯಾರೂ ಜಾಗ ಬಿಟ್ಟು ಏಳಕೂಡದೆಂದು ಮೊಮ್ಮಗಳು ಈಗಾಗಲೇ ಆಜ್ಞೆ ಹೊರಡಿಸಿದ್ದಾಳೆ.

ಪಾಲಕರಲ್ಲಿ ಒಂದೆರಡು ವಿನಂತಿಗಳಿವೆ. ಹತ್ತನೆಯ ತರಗತಿಯ ಪರೀಕ್ಷೆ ಇನ್ನೂ ಮುಗಿದಿಲ್ಲ. ನಮ್ಮ ಮನೆಯಲ್ಲೂ ಪರೀಕ್ಷೆಯ ಹುಡುಗನೊಬ್ಬನಿದ್ದಾನೆ. ಕೊನೆಯ ಐದು ಓವರು ಮಾತ್ರ ನೋಡುವುದೆಂದು ಅವನೊಂದಿಗೆ ಒಪ್ಪಂದವಾಗಿದೆ. ಅದುವರೆಗೆ ಟಿ.ವಿ.ಯ ಧ್ವನಿ ತಗ್ಗಿಸಿ ಉಳಿದವರೂ ಒಪ್ಪಂದವನ್ನು ಪಾಲಿಸಬೇಕು.

ಇನ್ನೊಂದು, ಹೆಣ್ಣುಮಕ್ಕಳ ಮಾತು. ಪುರುಷರ ಐಪಿಎಲ್ ಬರುವ 22ರಿಂದ ಆರಂಭವಾಗುತ್ತದೆ, ಆಗ ಊರೇ ಟಿ.ವಿ. ಮುಂದೆ ಕೂಡುವುದು ಹೊಸದಲ್ಲ. ಈ ಶುಕ್ರವಾರ ಆಡುವವರೆಲ್ಲ ಹೆಣ್ಣುಮಕ್ಕಳು. ಅವರ ಆಟವನ್ನು ಅಜ್ಜಿಯಂದಿರೂ ತಾಯಂದಿರೂ ಕುಳಿತು ನೋಡಲಿ. ನೋಡಿದ ಮೇಲೆ, ಸಂಜೆ ಶಾಲೆಯ ಬಯಲಿಗೆ ಹೊರಟ ಮಗಳಿಗೆ "ದೊಡ್ಡಾಕಿ ಆದಿ, ಇನ್ನ ಸಾಕು" ಎನ್ನುವ ಮುನ್ನ ಒಂದು ಗಳಿಗೆ ಯೋಚಿಸಲಿ. ನಮ್ಮ ಮೊಮ್ಮಗಳು ಏಳನೆಯ ತರಗತಿ ಮುಗಿಸುತ್ತಿದ್ದಾಳೆ. ಜೂನ್‌ನಲ್ಲಿ ದೂರದ ಕನ್ನಡ ಪ್ರೌಢಶಾಲೆಯೋ, ಹತ್ತಿರದ ಮರಾಠಿ ಶಾಲೆಯೋ ಎಂಬ ಚರ್ಚೆ ಮನೆಯಲ್ಲಿ ನಡೆದಿದೆ. ನನ್ನ ಆಸೆ ಕನ್ನಡವೇ. ಆದರೂ ಬಸ್ಸಿನ ವೇಳೆ, ಅವಳ ತಂದೆತಾಯಿಯರ ಆತಂಕ ನನಗೂ ಗೊತ್ತು. ತೀರ್ಮಾನ ಯಾವುದೇ ಆಗಲಿ, ಅವಳ ಓದೂ ಅವಳ ಆಟವೂ ನಿಲ್ಲಕೂಡದೆಂದು ನಾನು ಹಟ ಹಿಡಿದಿದ್ದೇನೆ.

ಬೆಂಗಳೂರಿನ ಪುರುಷರ ತಂಡ 2023ರವರೆಗಿನ 16 ಋತುಗಳಲ್ಲಿ ಒಮ್ಮೆಯೂ ಕಪ್ ಗೆದ್ದಿರಲಿಲ್ಲ. ಆದರೂ ಪ್ರತಿವರ್ಷ ಅಭಿಮಾನಿಗಳು "ಈ ಸಲ ಕಪ್ ನಮ್ದೇ" ಎಂದು ಬರೆದ ಫಲಕ ಹಿಡಿಯುವುದನ್ನು ಬಿಟ್ಟಿಲ್ಲ. ದೇಶವೆಲ್ಲ ನೋಡುವ ಪರದೆಯ ಮೇಲೆ ಆ ಕನ್ನಡ ಮಾತು ಮೂಡಿದಾಗ ಮೊಮ್ಮಗಳು ಗಟ್ಟಿಯಾಗಿ ಓದುತ್ತಾಳೆ. ಶುಕ್ರವಾರ ಅವಳು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅದನ್ನೇ ಬರೆಯಲಿದ್ದಾಳೆ. ಕಾಗುಣಿತ ನೋಡುವ ಕೆಲಸ ನನ್ನದು.

ಆ ಮರಾಠಿ ಗೆಳತಿಯನ್ನೂ ಪಂದ್ಯ ನೋಡಲು ನಮ್ಮ ಮನೆಗೇ ಕರೆಯುವಂತೆ ಹೇಳಿದ್ದೇನೆ. ಅವಳು ಮುಂಬೈಯ ಕಡೆ, ನಾವು ಬೆಂಗಳೂರಿನ ಕಡೆ. ಶೇಂಗಾ ಹುರಿದು ಇಡಲು ಮನೆಯವರು ಒಪ್ಪಿದ್ದಾರೆ. ಕರೆಂಟು ಕೈಕೊಡದಿದ್ದರೆ ಸಾಕು. ಗೆದ್ದರೆ ಭಾನುವಾರವೂ ಇದೇ ಕೂಟ. ಸೋತರೆ ಶನಿವಾರ ಬೆಳಿಗ್ಗೆ ಇಬ್ಬರು ಹುಡುಗಿಯರೂ ಬಯಲಿನಲ್ಲಿ ಆಡುತ್ತಿರುತ್ತಾರೆ, ನಾನು ಅಂಪೈರ್ ಆಗಿರುತ್ತೇನೆ.