ಬಾಡಿಗೆ ಕೇಳುವ ಮೊದಲು ಸೀಟು ಕೇಳೋಣ

ಪೆರ್ನಾಲ್ ಕಳೆದು ಮದ್ರಸಕ್ಕೆ ರಜೆ ಸಿಕ್ಕಿದರೆ ಸಾಕು, ಉಳ್ಳಾಲ, ತೊಕ್ಕೊಟ್ಟು ಕಡೆಯ ನಮ್ಮ ಮನೆಗಳಲ್ಲಿ ಟೂರಿನ ಮಾತು ಶುರುವಾಗುತ್ತದೆ. ಒಬ್ಬರು ಬೇಕಲ ಕೋಟೆ ಅನ್ನುತ್ತಾರೆ, ಇನ್ನೊಬ್ಬರು ಮಲ್ಪೆ. ಮನೆಯ ಹಿರಿಯರು ಕಾಜೂರಿನಲ್ಲಿ ಝಿಯಾರತ್ ಮುಗಿಸಿ ಬರೋಣ ಎನ್ನುತ್ತಾರೆ. ಒಳ್ಳೆಯದೇ. ವರ್ಷವಿಡೀ ಅಡುಗೆಕೋಣೆಯಲ್ಲೇ ದಿನ ಕಳೆಯುವ ನಮ್ಮ ಉಮ್ಮಂದಿರಿಗೆ, ಶಾಲೆ ಮತ್ತು ಮದ್ರಸದ ನಡುವೆ ಓಡುವ ಮಕ್ಕಳಿಗೆ ಒಂದು ದಿನದ ತಿರುಗಾಟ ಬೇಕು. ಹೊರಡುವುದಕ್ಕೆ ನಮ್ಮ ತಕರಾರಿಲ್ಲ. ತಕರಾರು ಇರುವುದು ನಾವು ಗಾಡಿ ಹಿಡಿಯುವ ರೀತಿಯ ಬಗ್ಗೆ.

ಗಾಡಿ ಹಿಡಿಯುವಾಗ ನಾವು ಏನು ಕೇಳುತ್ತೇವೆ? "ಎಷ್ಟಾಗ್ತದೆ ಕಾಕ? ಸ್ವಲ್ಪ ಕಡಿಮೆ ಮಾಡಿ ಮಾರಾಯ್ರೆ. ಎಸಿ ಉಂಟಲ್ವಾ?" ಇಷ್ಟೇ. ಮೂರು ಕಡೆ ಫೋನ್ ಮಾಡಿ ಯಾರು ಕಡಿಮೆ ಹೇಳಿದರೋ ಅವರಿಗೆ ಅಡ್ವಾನ್ಸ್ ಕಳಿಸಿ ಬಿಡುತ್ತೇವೆ. ಮದುವೆಗೆ ಒಂದು ಸೀರೆ ಆರಿಸಲು ನಾಲ್ಕು ಅಂಗಡಿ ಹತ್ತಿಳಿಯುವ ನಾವು, ಇಡೀ ಕುಟುಂಬವನ್ನು ಕೂರಿಸುವ ಗಾಡಿಯನ್ನು ಒಮ್ಮೆ ಕಣ್ಣಿಂದ ನೋಡುವುದೂ ಇಲ್ಲ.

ಮೊದಲು ನೋಡಬೇಕಾದದ್ದು ನಂಬರ್ ಪ್ಲೇಟ್. ಹಳದಿ ಬೋರ್ಡಿನ ಗಾಡಿಗೆ ಬಾಡಿಗೆ ಓಡಿಸುವ ಪರ್ಮಿಟ್ ಇರುತ್ತದೆ, ಫಿಟ್‌ನೆಸ್ ತಪಾಸಣೆ ಇರುತ್ತದೆ. ಬಿಳಿ ಬೋರ್ಡ್ ಸ್ವಂತ ಬಳಕೆಗೆ. ಪರಿಚಯದವರ ಗಾಡಿ, ಸಾವಿರ ರೂಪಾಯಿ ಕಡಿಮೆ ಎಂದು ಬಿಳಿ ಬೋರ್ಡಿನಲ್ಲಿ ಬಾಡಿಗೆಗೆ ಹೋದರೆ ಅದು ಕಾನೂನಿಗೆ ವಿರುದ್ಧ. ಏನಾದರೂ ಆದರೆ ವಿಮೆ ಕಂಪೆನಿ ಎತ್ತುವ ಮೊದಲ ತಕರಾರೂ ಅದೇ. ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ವಿಮೆ, ಫಿಟ್‌ನೆಸ್ ಯಾವಾಗ ಮುಗಿಯುತ್ತದೆ ಎಂದು ಕಾಣುತ್ತದೆ. ಮನೆಯ ಮಕ್ಕಳಿಗೆ ಹೇಳಿದರೆ ಎರಡು ನಿಮಿಷದಲ್ಲಿ ನೋಡಿ ಕೊಡುತ್ತಾರೆ. ತಲಪಾಡಿ ದಾಟಿ ಕೇರಳಕ್ಕೆ ಹೋಗುವುದಾದರೆ ಆ ಕಡೆಯ ಪರ್ಮಿಟ್ ಉಂಟಾ ಎಂದೂ ಕೇಳಬೇಕು.

ಎರಡನೆಯದು ಸೀಟು. ಹದಿನೇಳು ಸೀಟಿನ ಟೆಂಪೋ ಟ್ರಾವೆಲರ್‌ಗೆ ಇಪ್ಪತ್ತೈದು ಮಂದಿ ಹತ್ತುವುದು ನಮಗೆ ಮಾಮೂಲಿ. "ಮಕ್ಕಳನ್ನು ಮಡಿಲಲ್ಲಿ ಕೂರಿಸಿದರಾಯ್ತು" ಎನ್ನುತ್ತೇವೆ. ನಡುವಿನ ದಾರಿಯಲ್ಲಿ ಬಿರಿಯಾನಿಯ ಪಾತ್ರೆ, ನೀರಿನ ಕ್ಯಾನ್. ಜೋರಾಗಿ ಬ್ರೇಕ್ ಹಾಕಿದರೆ ಮಡಿಲಿನ ಮಗುವನ್ನು ಹಿಡಿದುಕೊಳ್ಳುವ ಶಕ್ತಿ ಯಾವ ತಾಯಿಯ ಕೈಗೂ ಇಲ್ಲ. ಹೆಚ್ಚುವರಿ ತಲೆಗೆ 200 ರೂಪಾಯಿ ದಂಡ ಎಂದು ಕಾಯ್ದೆ ಹೇಳುತ್ತದೆ. ಆದರೆ ದಂಡಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. 42 ಮಂದಿಯ ಬಸ್ಸಿನಲ್ಲಿ 90 ಮಂದಿ ಇದ್ದಾಗ ಆದ ಅಪಘಾತವೊಂದರ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ವಿಮೆ ಕಂಪೆನಿಯ ಹೊಣೆ 42 ಮಂದಿಯ ಲೆಕ್ಕಕ್ಕೆ ಮಾತ್ರ, ಆ ಹಣವನ್ನು ಎಲ್ಲರಿಗೂ ಹಂಚಬೇಕು. ಅಂದರೆ ನಾವು ತುರುಕಿದ ಪ್ರತಿಯೊಬ್ಬರೂ ಪಕ್ಕದಲ್ಲಿ ಕೂತವರ ಹಕ್ಕಿನಲ್ಲಿ ಪಾಲು ತೆಗೆಯುತ್ತಾರೆ. ಇದು ಕಾನೂನಿನ ಮಾತಷ್ಟೇ ಅಲ್ಲ, ಹಕ್ಕಿನ ಮಾತೂ ಹೌದು.

ಮೂರನೆಯದು ಡ್ರೈವರ್. ಸುಬಹಿಗೆ ಮೊದಲೇ ಹೊರಟು ಮಧ್ಯರಾತ್ರಿ ಮನೆ ಮುಟ್ಟುವ ಟೂರಿನಲ್ಲಿ ನಾವೆಲ್ಲ ಸೀಟಿನಲ್ಲಿ ನಿದ್ದೆ ಮಾಡುತ್ತೇವೆ. ಎಚ್ಚರವಿರುವವರು ಅವರೊಬ್ಬರೇ. ಸಾರಿಗೆ ಸಂಸ್ಥೆಗಳ ಕಾರ್ಮಿಕರಿಗೆ ದಿನಕ್ಕೆ 8 ಗಂಟೆ ಕೆಲಸ ಎಂದು 1961ರಲ್ಲೇ ಕಾಯ್ದೆ ಬಂದಿತ್ತು. ನಾವು ಅದರ ಎರಡು ಪಟ್ಟು ದುಡಿಸಿ, ಚಾರ್ಮಾಡಿಯ ತಿರುವಿನಲ್ಲಿ "ಸ್ವಲ್ಪ ಬೇಗ ಹೋಗಿ ಕಾಕ" ಎನ್ನುತ್ತೇವೆ. ನಮಾಝ್‌ಗೆ ತಡವಾಗುತ್ತದೆ ಎಂಬ ಅವಸರವೂ ಬೇಡ. ದಾರಿಯಲ್ಲಿ ಮಸೀದಿಗಳಿವೆ, ದೂರದ ಪ್ರಯಾಣವಾದರೆ ಜಮ್ಅ್, ಖಸ್ರ್‌ನ ರಿಯಾಯಿತಿಯೂ ಇದೆ. ಡ್ರೈವರಿಗೆ ನಮ್ಮ ಜೊತೆಯೇ ಊಟ, ಮಧ್ಯಾಹ್ನ ಒಂದು ಗಂಟೆ ನಿದ್ದೆ, ರಾತ್ರಿ ಉಳಿದರೆ ಮಲಗಲು ಸರಿಯಾದ ಜಾಗ ಕೊಡಬೇಕು. ಅವರನ್ನು ಗಾಡಿಯಲ್ಲೇ ಮಲಗಿಸಿ ನಾವು ರೂಮಿನಲ್ಲಿ ಮಲಗುವುದು ಮರ್ಯಾದೆಯಲ್ಲ.

ಬಾಡಿಗೆಯ ಮಾತು ಸ್ಪಷ್ಟ ಇರಬೇಕೆಂದು ನಮ್ಮ ಫಿಕ್ಹ್ ಕಿತಾಬುಗಳು ಕಲಿಸುತ್ತವೆ. ದಿನದ ಬಾಡಿಗೆಗೆ ಎಷ್ಟು ಕಿಲೋಮೀಟರ್, ಮೇಲೆ ಓಡಿದರೆ ಎಷ್ಟು, ಹೆಜಮಾಡಿ, ಸಾಸ್ತಾನದ ಟೋಲ್ ಯಾರದ್ದು, ಪಾರ್ಕಿಂಗ್, ಡ್ರೈವರ್ ಬಾಟಾ ಸೇರಿದೆಯಾ, ಗಾಡಿ ಕೆಟ್ಟರೆ ಬೇರೆ ಗಾಡಿ ಕೊಡುತ್ತಾರಾ - ಇದನ್ನೆಲ್ಲ ಮೊದಲೇ ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಂಡರೆ ವಾಪಸ್ ಬಂದ ಮೇಲೆ ಮನೆ ಗೇಟಿನಲ್ಲಿ ಜಗಳ ಇಲ್ಲ. ದುಡಿದವನ ಕೂಲಿ ಅವನ ಬೆವರು ಆರುವ ಮೊದಲು ಕೊಡಿ ಎಂಬುದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಾವು, ಬಾಕಿ ಹಣಕ್ಕೆ ಡ್ರೈವರನ್ನು ಮರುದಿನ ಓಡಾಡಿಸಬಾರದು.

ಗಾಡಿ ನಿಂತ ಮೇಲೂ ಕೆಲಸ ಮುಗಿಯುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದ ಮುಳಬಾಗಿಲು ಕಡೆಯ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ಸಮುದ್ರಪಾಲಾದರು. ಅದು ಮಳೆಗಾಲವೂ ಆಗಿರಲಿಲ್ಲ. ಕಡಲ ಬದಿಯಲ್ಲೇ ಹುಟ್ಟಿದವರು ನಾವು ಎಂಬ ಧೈರ್ಯ ನೀರಿಗೆ ಗೊತ್ತಾಗುವುದಿಲ್ಲ. ಮೂವರು ಪ್ರಯಾಣ ಹೊರಟರೂ ಒಬ್ಬರನ್ನು ಅಮೀರ್ ಮಾಡಿಕೊಳ್ಳಿ ಎಂದು ಪ್ರವಾದಿಯವರು ಕಲಿಸಿದ್ದಾರೆ. ಆ ಅಮೀರ್ ಹೆಸರಿಗೆ ಮಾತ್ರ ಇದ್ದರೆ ಸಾಲದು. ಹತ್ತುವಾಗ, ಇಳಿಯುವಾಗ ತಲೆ ಎಣಿಸುವವರು, "ಇಲ್ಲಿಂದ ಮುಂದೆ ನೀರಿಗೆ ಇಳಿಯಬೇಡಿ" ಎಂದರೆ ಎಲ್ಲರೂ ಕೇಳುವಂಥವರು ಆಗಿರಬೇಕು.

"ಉಸ್ತಾದ್, ಇದೆಲ್ಲ ನೋಡಿದರೆ ಖರ್ಚು ಜಾಸ್ತಿಯಾಗ್ತದೆ" ಎಂದು ಕೆಲವರು ಹೇಳಬಹುದು. ಹೌದು, ಆಗುತ್ತದೆ. ಗಲ್ಫಿನಿಂದ ಹಣ ಬರುವ ಮನೆಗೂ ಬೀಡಿ ಕಟ್ಟಿ ಸಾಗುವ ಮನೆಗೂ ಆ ಖರ್ಚು ಒಂದೇ ಅಲ್ಲ. ಅದಕ್ಕೆ ದಾರಿ ತುರುಕುವುದಲ್ಲ, ಹತ್ತಿರದ ಜಾಗ ಆರಿಸುವುದು. ಉಳ್ಳಾಲದವರಿಗೆ ಸೋಮೇಶ್ವರ ಎಷ್ಟು ದೂರ? ಇಲ್ಲವೇ ಎರಡು ಮನೆಯವರು ಸೇರಿ ದೊಡ್ಡ ಗಾಡಿ ಮಾಡಬಹುದು. ಕೈಲಾಗದ ಮನೆಯ ಮಕ್ಕಳ ಸೀಟಿನ ಹಣವನ್ನು ಜಮಾಅತಿನ ಇದ್ದವರು ಸದ್ದಿಲ್ಲದೆ ಕೊಟ್ಟರೆ ಅದೂ ಸ್ವದಖಾ.

ಮದ್ರಸ ಕಮಿಟಿಗಳು, ಊರಿನ ಯುವಕರ ಸಂಘಗಳು ಈ ಸಲದ ಟೂರಿನಿಂದಲೇ ಒಂದು ನಿಯಮ ಮಾಡಲಿ: ಹಳದಿ ಬೋರ್ಡ್ ಮಾತ್ರ, ಸೀಟಿಗೊಬ್ಬರು ಮಾತ್ರ, ನಿದ್ದೆ ಮಾಡಿದ ಡ್ರೈವರ್ ಮಾತ್ರ. ಮೊದಲು ಒಂಟೆಯನ್ನು ಕಟ್ಟಿ, ಆಮೇಲೆ ತವಕ್ಕುಲ್ ಮಾಡಿ ಎಂದು ಕಲಿತವರು ನಾವು. ಯಾತ್ರೆಯ ದುಆ ಓದುವ ಮೊದಲು ಗಾಡಿಯ ಟಯರನ್ನೂ ಒಮ್ಮೆ ನೋಡೋಣ.